ಗೇಟಿನಾಚೆ ಹೋದ ಟೆಂಡರ್

ಆ ಸಂಜೆಯ ಬೆಂಕಿ ನಮ್ಮ ದಾಖಲೆಯಲ್ಲಿ 93 ಎಂಬ ಸಂಖ್ಯೆಯಾಗಿ ಉಳಿದಿದೆ. ವಿಳಂಬದ ಕೋಡ್ 93 ಎಂದರೆ ಹಿಂದಿನ ಹಾರಾಟ ಮುಗಿಸಿ ವಿಮಾನ ತಡವಾಗಿ ಬಂತು, ಹಾಗಾಗಿ ಮುಂದಿನದೂ ತಡವಾಯಿತು. ಅದು ಯಾಕೆ ತಡವಾಗಿ ಇಳಿಯಿತು ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿಲ್ಲ. ನಾನು 99 ಹಾಕಿ ಎಂದೆ. ಬೇರೆ ಯಾವ ಕೋಡೂ ಹೊಂದದಾಗ ಹಾಕುವಂಥದ್ದು ಅದು. ವಿಮಾನ ಸಂಸ್ಥೆಯ ಸ್ಟೇಷನ್ ಮ್ಯಾನೇಜರ್ ಒಪ್ಪಲಿಲ್ಲ. "99 ಹಾಕಿದರೆ ನಮ್ಮ ಕೇಂದ್ರ ಕಚೇರಿ ವಿವರಣೆ ಕೇಳುತ್ತದೆ ಸರ್. 93 ಹಾಕಿದರೆ ಯಾರೂ ಏನೂ ಕೇಳುವುದಿಲ್ಲ." ಅವರು ಹೇಳಿದಂತೆಯೇ ಆಯಿತು. ಅವರ ಕಡೆಯಿಂದ ಯಾರೂ ಏನೂ ಕೇಳಲಿಲ್ಲ. ಕೇಳಿದವರೆಲ್ಲ ನಮ್ಮ ಕಡೆಯವರು, ಕೇಳಿದ್ದೂ ಬೇರೆಯದನ್ನೇ.

ನಾನು ಸಣ್ಣ ವಿಮಾನ ನಿಲ್ದಾಣವೊಂದರ ಕಾರ್ಯಾಚರಣೆ ವಿಭಾಗದಲ್ಲಿ ಶಿಫ್ಟ್ ಉಸ್ತುವಾರಿ. ಬೆಳಿಗ್ಗೆ ಒಂದು ಎಟಿಆರ್ (ಪ್ರೊಪೆಲ್ಲರಿನ ಪ್ರಯಾಣಿಕ ವಿಮಾನ), ಸಂಜೆ ಒಂದು ಎಟಿಆರ್. ನಡುವೆ ಫ್ಲೈಯಿಂಗ್ ಸ್ಕೂಲಿನ ಪುಟ್ಟ ಸೆಸ್ನಾ ವಿಮಾನಗಳು ರನ್‌ವೇ ಸುತ್ತಲಿನ ಸರ್ಕ್ಯೂಟ್ ಸುತ್ತುತ್ತಿರುತ್ತವೆ. ಉಳಿದ ಹೊತ್ತೆಲ್ಲ ರನ್‌ವೇ ಮೇಲಿನ ಹಕ್ಕಿಗಳನ್ನು ಓಡಿಸುವುದು, ಹುಲ್ಲಿನ ಎತ್ತರ ನೋಡುವುದು, ಪೆರಿಮೀಟರ್ ರಸ್ತೆಯಲ್ಲಿ ಬೇಲಿ ಪರಿಶೀಲಿಸುತ್ತ ಸುತ್ತುವುದು. ದೊಡ್ಡ ನಿಲ್ದಾಣಗಳಲ್ಲಿ ಒಂದೊಂದಕ್ಕೂ ಒಂದು ವಿಭಾಗವೇ ಇರುತ್ತದೆ. ಇಲ್ಲಿ ಬೆಳಿಗ್ಗೆ ಪಾರ್ಕಿಂಗ್ ಜಗಳ ಬಿಡಿಸಿದವನೇ ಮಧ್ಯಾಹ್ನ ರನ್‌ವೇ ತಪಾಸಣೆಗೆ ಹೋಗುತ್ತಾನೆ, ಸಂಜೆ ಪೈಲಟ್‌ಗಳಿಗೆ ನೋಟಾಮ್ ಎಂಬ ಸೂಚನೆ ಬರೆಯುತ್ತಾನೆ.

ಮೂರು ತಿಂಗಳಿಗೊಮ್ಮೆ ಕೇಂದ್ರ ಕಚೇರಿಯಿಂದ ಒಂದು ಕೋಷ್ಟಕ ಬರುತ್ತದೆ. ಒಬ್ಬ ಸಿಬ್ಬಂದಿಗೆ ಎಷ್ಟು ಪ್ರಯಾಣಿಕರು, ಒಬ್ಬ ಪ್ರಯಾಣಿಕನಿಗೆ ಎಷ್ಟು ಖರ್ಚು ಎಂಬ ಲೆಕ್ಕ. ಅದರಲ್ಲಿ ನಾವು ಯಾವಾಗಲೂ ತಳದ ಸಾಲುಗಳಲ್ಲಿರುತ್ತೇವೆ. ಕೋಷ್ಟಕ ಸುಳ್ಳೆಂದು ನಾನು ಹೇಳುವುದಿಲ್ಲ. ಖಾಲಿ ಸೀಟು ಹೊತ್ತು ಹಾರುವ ವಿಮಾನಕ್ಕೆ ಸಹಾಯಧನ ಕೊಡುವುದು ಸರಿಯೇ ಎಂಬ ಜಗಳ ಎಲ್ಲೆಲ್ಲೂ ಇದೆ. ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದಾಗ, ಸಣ್ಣ ಊರುಗಳ ಸೇವೆ ನಿಂತುಹೋಗಬಾರದೆಂದು ಎಸೆನ್ಷಿಯಲ್ ಏರ್ ಸರ್ವಿಸ್ ಎಂಬ ಯೋಜನೆ ತಂದರು; ಅದನ್ನು ಮುಚ್ಚಿ ಎನ್ನುವವರ ದನಿ ಇಂದಿಗೂ ಅಡಗಿಲ್ಲ. ನಾರ್ವೆ 1968ರಲ್ಲಿ ಕೇವಲ 800 ಮೀಟರ್ ಉದ್ದದ ರನ್‌ವೇಗಳಿರುವ ನಿಲ್ದಾಣಗಳನ್ನು ತನ್ನ ಕರಾವಳಿಯ ಸಣ್ಣ ಊರುಗಳಲ್ಲಿ ತೆರೆಯತೊಡಗಿತು. ಸೇಂಟ್ ಹೆಲೆನಾ ದ್ವೀಪಕ್ಕೆ 2017ರ ಅಕ್ಟೋಬರ್‌ವರೆಗೆ ನಿಯಮಿತ ವಿಮಾನವೇ ಇರಲಿಲ್ಲ, ಕೇಪ್‌ಟೌನಿನಿಂದ ಹಡಗಿನಲ್ಲಿ ಐದಾರು ದಿನ ಪ್ರಯಾಣ ಮಾಡಬೇಕಿತ್ತು. ಅಂಥಲ್ಲಿಗೆ ಹೋಗಿ ಒಬ್ಬ ಸಿಬ್ಬಂದಿಗೆ ಎಷ್ಟು ಪ್ರಯಾಣಿಕರು ಎಂದು ಲೆಕ್ಕ ಹಾಕಿ ನೋಡಲಿ.

ನಮ್ಮದು ಅಂಥ ದಿಕ್ಕಿಲ್ಲದ ಜಾಗವೇನೂ ಅಲ್ಲ, ರಸ್ತೆಯಿದೆ. ಆದರೂ ಆ ಕೋಷ್ಟಕದಲ್ಲಿ ಕಾಣದ್ದು ಬಹಳ. ಅರ್ಧ ಗಂಟೆಗೊಮ್ಮೆ ನಾವು ಕಳಿಸುವ ಮೆಟಾರ್ ಎಂಬ ಹವಾಮಾನ ವರದಿ ನೋಡಿ ಮಳೆ ಬರುತ್ತದೆಯೇ ಎಂದು ಫೋನ್ ಮಾಡುವ ಬೆಳೆಗಾರರಿದ್ದಾರೆ. ನೆರೆ ಬಂದಾಗ ಹೆಲಿಕಾಪ್ಟರುಗಳು ಇಂಧನ ತುಂಬಿಸಿಕೊಳ್ಳಲು ಇಲ್ಲಿಗೇ ಬರುತ್ತವೆ. ರೋಗಿಯನ್ನು ಒಯ್ಯುವ ಕಿಂಗ್ ಏರ್ ಎಂಬ ಸಣ್ಣ ವಿಮಾನ ಬಂದರೆ ಅದರಲ್ಲಿ ಒಬ್ಬನೇ ಪ್ರಯಾಣಿಕ, ಅವನೂ ಮಲಗಿರುತ್ತಾನೆ. ಕೋಷ್ಟಕದ ಪ್ರಕಾರ ಅದು ಬರದಿದ್ದರೆ ನಮ್ಮ ಸರಾಸರಿಗೆ ಒಳ್ಳೆಯದು. ಇನ್ನು ಅಗ್ನಿಶಾಮಕ ವಿಭಾಗ. ನಮ್ಮ ಸಂಬಳದ ಪಟ್ಟಿಯಲ್ಲಿ ಅತಿ ಉದ್ದದ ಸಾಲು ಅವರದು, ಅವರ ಕೆಲಸ ಬಹುಪಾಲು ಕಾಯುವುದು. ಕೇಂದ್ರ ಕಚೇರಿಯ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ.

ಎಟಿಆರ್ 72ರ ಉದ್ದ 27 ಮೀಟರಿಗಿಂತ ತುಸು ಹೆಚ್ಚು. 28 ಮುಟ್ಟಿದ್ದರೆ ಅಗ್ನಿರಕ್ಷಣೆಯ ಲೆಕ್ಕದಲ್ಲಿ ಕ್ಯಾಟಗರಿ 6 ಆಗುತ್ತಿತ್ತು, ಆಗ ಕನಿಷ್ಠ ಎರಡು ಟೆಂಡರ್, ಅಂದರೆ ಬೆಂಕಿ ಆರಿಸುವ ದೊಡ್ಡ ಗಾಡಿ, ಬೇಕು. ಮುಟ್ಟಲಿಲ್ಲವಾದ್ದರಿಂದ ಕ್ಯಾಟಗರಿ 5, ಒಂದು ಟೆಂಡರ್ ಸಾಕು. ನಮ್ಮಲ್ಲಿ ಹೆಸರಿಗೆ ಎರಡಿವೆ. ಎರಡನೆಯದು ಗೇರ್‌ಬಾಕ್ಸಿಗಾಗಿ ಶೆಡ್ಡಿನಲ್ಲಿ ನಿಂತು ಬಹಳ ಕಾಲವಾಯಿತು. "ಕನಿಷ್ಠ ಅಗತ್ಯ ಪೂರೈಸಿದೆ" ಎಂಬ ಷರಾ ಬರೆದು ಆ ಕಡತವನ್ನು ಮೇಲಿನವರು ಹಿಂದಕ್ಕೆ ಕಳಿಸಿದ್ದರು.

ಆ ದಿನ ಮಧ್ಯಾಹ್ನದಿಂದ ಬಿಸಿಗಾಳಿ ಬೀಸುತ್ತಿತ್ತು. ಐದಕ್ಕೆ ಹತ್ತು ನಿಮಿಷವಿದ್ದಾಗ ಅಗ್ನಿಶಾಮಕ ವಿಭಾಗದ ವಾಚ್ ರೂಮಿನಿಂದ ಫೋನ್ ಬಂತು: ರನ್‌ವೇಯ ಪೂರ್ವ ತುದಿಯಲ್ಲಿ ತುರ್ತಿಗೆಂದಿರುವ ಕ್ರ್ಯಾಶ್ ಗೇಟಿನಾಚೆ ಹೊಗೆ ಕಾಣುತ್ತಿದೆ. ಹುಲ್ಲಿಗೆ ಬೆಂಕಿ ಬಿದ್ದಿರಬೇಕೆಂದುಕೊಂಡೆ. ಎರಡೇ ನಿಮಿಷದಲ್ಲಿ ಹೊಗೆ ಕಪ್ಪಾಯಿತು. ಬೇಲಿಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಮರದ ಪ್ಯಾಲೆಟ್‌ಗಳನ್ನು ಪೇರಿಸಿಡುವ ಗೋದಾಮೊಂದಿದೆ, ಅದರ ಗೋಡೆಗೆ ಒರಗಿಕೊಂಡಂತೆ ವೆಲ್ಡಿಂಗ್ ಶೆಡ್, ಆಮೇಲೆ ಮನೆಗಳ ಸಾಲು. ಅಷ್ಟರಲ್ಲಿ ಪುರಸಭೆಯಿಂದ ಕರೆ ಬಂತು. ಊರಿನ ಅಗ್ನಿಶಾಮಕ ವಾಹನ ಇನ್ನೊಂದು ದಿಕ್ಕಿನಲ್ಲಿ ಬೇರೆ ಬೆಂಕಿಗೆ ಹೋಗಿದೆ, ಬರಲು ಮುಕ್ಕಾಲು ಗಂಟೆಯಾದರೂ ಬೇಕು. "ನಿಮ್ಮ ದೊಡ್ಡ ಗಾಡಿ ಕಳಿಸಿಕೊಡಿ" ಎಂದರು.

ಎಟಿಆರ್ ಇಳಿಯುವುದು 5.40ಕ್ಕೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ: ಹೋಗಲು ಏಳು ನಿಮಿಷ, ಅಲ್ಲಿ ಹತ್ತು, ಬರಲು ಏಳು, ನೀರು ತುಂಬಿಸಲು ಒಂಬತ್ತು. ಐದಕ್ಕೆ ಹೊರಟರೆ 5.33ಕ್ಕೆ ಮತ್ತೆ ಕ್ಯಾಟಗರಿ 5. ಏಳು ನಿಮಿಷ ಉಳಿತಾಯವೂ ಆಯಿತು. ಕಾಗದದ ಮೇಲೆ ಅದು ಎಷ್ಟು ಚೆನ್ನಾಗಿತ್ತೆಂದರೆ ಇವತ್ತಿಗೂ ಆ ಚೀಟಿಯನ್ನು ಹರಿದುಹಾಕಿಲ್ಲ.

ಅಷ್ಟು ದೊಡ್ಡ ನಿರ್ಧಾರಕ್ಕೆ ನಿರ್ದೇಶಕರ ಒಪ್ಪಿಗೆ ಬೇಕು. ನಿರ್ದೇಶಕರು ಕೇಂದ್ರ ಕಚೇರಿಯ ಸಭೆ ಮುಗಿಸಿಕೊಂಡು ವಾಪಸ್ ಬರುತ್ತಿದ್ದರು, ಅದೇ ಎಟಿಆರ್‌ನಲ್ಲಿ. ಅವರ ಮೊಬೈಲ್ ನಿಯಮದಂತೆ ಬಂದ್ ಆಗಿತ್ತು. ಅವರು ಇಲ್ಲದಾಗ ತೀರ್ಮಾನ ಶಿಫ್ಟ್ ಉಸ್ತುವಾರಿಯದು.

ಅಗ್ನಿಶಾಮಕ ಶಿಫ್ಟಿನ ಮುಖ್ಯಸ್ಥರು ನನಗಿಂತ ಹಿರಿಯರು, ಮಾತು ಕಡಿಮೆ. ಟೆಂಡರ್ ನಿಲ್ಲುವ ಬೇ ಮುಂದೆ ನಿಂತು ಹೊಗೆಯ ಬಣ್ಣ ನೋಡುತ್ತಿದ್ದರು. "ಸರ್, ಟೆಂಡರ್ ಇಲ್ಲೇ ಇರಲಿ. ಇಬ್ಬರು ಹುಡುಗರನ್ನು ಬಿಎ ಸೆಟ್ ಕೊಟ್ಟು ಜೀಪಿನಲ್ಲಿ ಕಳಿಸೋಣ" ಎಂದರು. ಬಿಎ ಸೆಟ್ ಎಂದರೆ ಹೊಗೆಯಲ್ಲಿ ಉಸಿರಾಡಲು ಹಾಕಿಕೊಳ್ಳುವ ಸಾಧನ. ನಾನು, "ಜೀಪಿನಿಂದ ಬೆಂಕಿ ಆರುತ್ತದೆಯೇ?" ಎಂದೆ. ಅವರು ಮರುಮಾತಾಡಲಿಲ್ಲ. ಹೆಲ್ಮೆಟ್ ತೆಗೆದುಕೊಂಡರು. ಆ ವಾಕ್ಯವನ್ನು ನಾನು ಎಷ್ಟು ಜನರ ಮುಂದೆ ಹೇಳಿದೆನೆಂದು ನೆನೆದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಇಡೀ ಸಿಬ್ಬಂದಿ ಅಲ್ಲೇ ಸಾಲಾಗಿ ನಿಂತಿತ್ತು.

ಹೊರಡುವ ಮುನ್ನ ಇನ್ನೊಂದು ತೊಡಕು. ಸರ್ಕ್ಯೂಟಿನಲ್ಲಿ ಒಂದು ಸೆಸ್ನಾ ಇತ್ತು, ಒಳಗೆ ಒಬ್ಬನೇ ವಿದ್ಯಾರ್ಥಿ, ಸೋಲೋ. ಟೆಂಡರ್ ಹೊರಗೆ ಹೋದರೆ ನಿಲ್ದಾಣದ ಕ್ಯಾಟಗರಿ ಸೊನ್ನೆ. ಆಗ ಅವನು ಗಾಳಿಯಲ್ಲಿರಬಾರದು ಎನ್ನುತ್ತದೆ ನಮ್ಮ ಕೈಪಿಡಿ. ಟವರಿನ ನಿಯಂತ್ರಕಿ ಅವನಿಗೆ ಇಳಿದು ನಿಲ್ಲುವಂತೆ ಫುಲ್ ಸ್ಟಾಪ್ ಲ್ಯಾಂಡಿಂಗ್ ಹೇಳಿದರು. ಅವನು ಇಳಿಯಲು ಫೈನಲ್‌ಗೆ ಬಂದ, ಬಿಸಿಗಾಳಿಗೆ ವಿಮಾನ ತೇಲಿತು, ಇಳಿಯದೆ ಮತ್ತೆ ಮೇಲೇರಿ ಗೋ ಅರೌಂಡ್ ಮಾಡಿದ. ಸರಿಯಾಗಿಯೇ ಮಾಡಿದ, ಯಾರೂ ಅವನನ್ನು ಬೈಯುವಂತಿಲ್ಲ. ಆದರೆ ಆ ಒಂದು ಸುತ್ತು ಮುಗಿಯುವವರೆಗೆ ಟೆಂಡರ್ ಎಂಜಿನ್ ಚಾಲೂ ಇಟ್ಟುಕೊಂಡು ಗೇಟಿನ ಬಳಿ ನಿಂತಿತ್ತು, ಬೇಲಿಯಾಚೆಯಿಂದ ಬೈಕಿನಲ್ಲಿ ಬಂದ ಹುಡುಗರು ಕೈ ಬೀಸಿ ಕೂಗುತ್ತಿದ್ದರು. ಉರಿಯುವ ಗೋದಾಮಿನಿಂದ ಓಡಿ ಬಂದವರಿಗೆ, ಎರಡು ಸೀಟಿನ ಪುಟ್ಟ ವಿಮಾನವೊಂದು ಇಳಿಯಲೆಂದು ನಾವು ಕಾಯುತ್ತಿದ್ದೇವೆ ಎಂದು ಹೇಗೆ ವಿವರಿಸುವುದು? ವಿವರಿಸಲು ಯಾರೂ ಹೋಗಲಿಲ್ಲ. ಎರಡನೆಯ ಸಲ ಅವನು ಇಳಿದ. ಟ್ಯಾಕ್ಸಿವೇ ಸೇರುತ್ತಿದ್ದಂತೆ ಗೇಟು ತೆರೆಯಿತು. ನನ್ನ ಚೀಟಿಯ ಉಳಿತಾಯ ಅಲ್ಲೇ ಕರಗತೊಡಗಿತ್ತು.

ನಮ್ಮ ಟೆಂಡರನ್ನು ಮಾಡಿರುವುದು ಅಗಲವಾದ ಕಾಂಕ್ರೀಟಿನ ಮೇಲೆ ನೇರವಾಗಿ ಓಡಲು. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ಮುಟ್ಟಬೇಕು, ಸಾಧ್ಯವಾದರೆ ಎರಡರಲ್ಲಿ; ಅದಕ್ಕಾಗಿ ತಾಲೀಮು ಮಾಡಿ ಮಾಡಿ ಚಾಲಕರ ಕೈ ಪಳಗಿದೆ. ಊರಿನ ರಸ್ತೆಯಲ್ಲಿ ಅದನ್ನು ಯಾರೂ ಓಡಿಸಿರಲಿಲ್ಲ. ಗೇಟು ದಾಟಿ ಸ್ವಲ್ಪ ದೂರದಲ್ಲಿ ಕಿರಿದಾದ ಮೋರಿ ಸೇತುವೆ. ಅದು ಆ ಭಾರ ತಡೆಯುತ್ತದೆಯೇ ಎಂದು ಮುಖ್ಯಸ್ಥರು ಇಳಿದು ನೋಡಿದರು. ಮುಂದೆ ತಗ್ಗಿಗೆ ಜೋತುಬಿದ್ದ ವಿದ್ಯುತ್ ತಂತಿ, ಒಬ್ಬ ಉದ್ದ ಕೋಲಿನಿಂದ ಅದನ್ನು ಎತ್ತಿ ಹಿಡಿದ. ಏಳು ನಿಮಿಷ ಎಂದು ನಾನು ಬರೆದಿದ್ದ ದಾರಿಗೆ ಹದಿಮೂರು ನಿಮಿಷ ಹಿಡಿಯಿತು. ವಾಕಿ-ಟಾಕಿಯಲ್ಲಿ ಒಂದೊಂದೇ ವಿವರ ಬರುತ್ತಿತ್ತು, ನಾನು ನಕ್ಷೆ ನೋಡುತ್ತಿದ್ದೆ. ನಮ್ಮ ಗ್ರಿಡ್ ಮ್ಯಾಪಿನಲ್ಲಿ ಆ ಮೋರಿ ಇಲ್ಲ.

ಅಲ್ಲಿ ಮುಟ್ಟಿದ ಮೇಲೆ ನಡೆದದ್ದು ನನಗೆ ಮೊದಲೇ ಗೊತ್ತಿರಬೇಕಿತ್ತು, ಯಾಕೆಂದರೆ ಆ ಅಂಕಿಗಳು ನಮ್ಮ ಗೋಡೆಯ ಮೇಲೇ ಇವೆ. ಕ್ಯಾಟಗರಿ 5ಕ್ಕೆ 5,400 ಲೀಟರ್ ನೀರು, ನಿಮಿಷಕ್ಕೆ 3,000 ಲೀಟರ್ ವೇಗದಲ್ಲಿ ನೊರೆ ಚಿಮ್ಮಬೇಕು. ಭಾಗಿಸಿದರೆ ಎರಡು ನಿಮಿಷವೂ ಇಲ್ಲ. ವಿಮಾನದ ಬೆಂಕಿಗೆ ಅದು ಸರಿಯಾದ ಲೆಕ್ಕ: ಹೊರಚೆಲ್ಲಿದ ಇಂಧನದ ಮೇಲೆ ನೊರೆ ಹಾಸಿ, ಜ್ವಾಲೆಯನ್ನು ಕ್ಷಣದಲ್ಲಿ ಅಡಗಿಸಿ, ಒಳಗಿದ್ದವರು ಹೊರಬರಲು ದಾರಿ ಬಿಡಿಸುವುದು. ಪೇರಿಸಿಟ್ಟ ಮರದ ಒಡಲಲ್ಲಿ ಕೂತ ಬೆಂಕಿಗೆ ಬೇಕಾದದ್ದು ಗಂಟೆಗಟ್ಟಲೆ ಸಣ್ಣಗೆ ಹರಿಯುವ ನೀರು. ಟೆಂಡರಿನ ಮಾನಿಟರ್ ಎಂಬ ದೊಡ್ಡ ನಳಿಕೆಯಿಂದ ನೊರೆ ಚಿಮ್ಮಿದ ಕೂಡಲೇ ಜ್ವಾಲೆ ಕುಸಿಯಿತು, ಜನ ಚಪ್ಪಾಳೆ ತಟ್ಟಿದರಂತೆ. ರಭಸಕ್ಕೆ ತಗಡಿನ ಹಾಳೆಗಳು ಹಾರಿ ಕೆಂಡ ಹಿತ್ತಿಲಿಗೆ ಚೆದುರಿತು. ಟ್ಯಾಂಕ್ ಬರಿದಾಯಿತು. ಐದು ನಿಮಿಷದಲ್ಲಿ ರಾಶಿಯ ಒಳಗಿನಿಂದ ಬೆಂಕಿ ಮತ್ತೆ ತಲೆ ಎತ್ತಿತು.

ಗೋದಾಮಿನ ಮೂಲೆಯಲ್ಲೇ ನೀರಿನ ಕೊಳವೆಯೊಂದಿತ್ತು. ಅದರ ಬಾಯಿಗೆ ನಮ್ಮ ಹೋಸಿನ ಕಪ್ಲಿಂಗ್ ಕೂರಲಿಲ್ಲ. 1904ರಲ್ಲಿ ಬಾಲ್ಟಿಮೋರ್ ನಗರ ಹೊತ್ತಿ ಉರಿದಾಗ ನೆರೆಯ ನಗರಗಳಿಂದ ಬಂದ ಅಗ್ನಿಶಾಮಕ ದಳಗಳ ಹೋಸುಗಳು ಅಲ್ಲಿನ ಹೈಡ್ರಂಟುಗಳಿಗೆ ಹೊಂದದೆ ಬಂದವರು ಕೈಕಟ್ಟಿ ನಿಲ್ಲಬೇಕಾಯಿತು. ತರಬೇತಿಯಲ್ಲಿ ಆ ಕಥೆಯನ್ನು ಹೇಳುತ್ತಾರೆ. ನಾವೂ ಕೇಳಿ, ಅಯ್ಯೋ ಪಾಪ ಎಂದುಕೊಂಡು, ಚಹಾ ವಿರಾಮಕ್ಕೆ ಎದ್ದಿದ್ದೆವು.

ಇತ್ತ ಟವರಿನಿಂದ ಹಾಟ್‌ಲೈನ್ ಬಡಿಯಿತು. "ಸರ್, ಎಟಿಆರ್‌ಗೆ ಡೈರೆಕ್ಟ್ ರೂಟಿಂಗ್ ಸಿಕ್ಕಿದೆ. 5.31ಕ್ಕೇ ಬರುತ್ತದೆ." ಎಂದಾದರೂ ಒಮ್ಮೆ ಬೇಗ ಬರಲಿ ಎಂದು ಪ್ರಯಾಣಿಕರು ಬೇಡಿಕೊಳ್ಳುವ ವಿಮಾನ ಅವತ್ತೇ ಬೇಗ ಬರಬೇಕೇ? ಗಡಿಯಾರದಲ್ಲಿ 5.19. ಟೆಂಡರ್ ಖಾಲಿಯಾಗಿ ಎರಡು ಕಿಲೋಮೀಟರ್ ಆಚೆ ನಿಂತಿದೆ. ಕ್ಯಾಟಗರಿ ಸೊನ್ನೆ ಎಂದು ಕ್ಯಾಪ್ಟನ್‌ಗೆ ಹೇಳಲಾಯಿತು. ಅವರು ಶಾಂತವಾಗಿ, ಮೇಲೆಯೇ ಸುತ್ತುತ್ತ ಕಾಯಲು ಹೋಲ್ಡಿಂಗ್ ಕೇಳಿದರು, 5.50ರವರೆಗೆ ಕಾಯಬಲ್ಲೆ, ಆಮೇಲೆ ಆಲ್ಟರ್ನೇಟ್ ಆದ ಬೇರೆ ನಿಲ್ದಾಣಕ್ಕೆ ಹೋಗುತ್ತೇನೆ ಎಂದರು. ನಾನು ವಾಕಿ-ಟಾಕಿ ಎತ್ತಿ ಟೆಂಡರ್ ವಾಪಸ್ ಬರಲಿ ಎಂದೆ.

ಅದು ಬರಲಿಲ್ಲ. ಜನ ರಸ್ತೆಗೆ ಅಡ್ಡ ನಿಂತಿದ್ದರು. ಮುಖ್ಯಸ್ಥರು ಗುಂಡಿ ಒತ್ತಿಯೇ ಮಾತಾಡುತ್ತಿದ್ದರೋ ಏನೋ, ಹಿನ್ನೆಲೆಯ ದನಿಗಳೆಲ್ಲ ನನಗೆ ಕೇಳಿಸುತ್ತಿದ್ದವು. "ಬೆಂಕಿ ಉರಿಯುತ್ತಿರುವಾಗಲೇ ಬಿಟ್ಟು ಹೋಗುತ್ತೀರಾ?" ಎಂದು ಒಬ್ಬ ಕೇಳುತ್ತಿದ್ದ. ಇನ್ನೊಬ್ಬ, "ವಿಮಾನದಲ್ಲಿ ಬರುವವರು ಮಾತ್ರ ಮನುಷ್ಯರೇ?" ಎಂದ. ಮುಖ್ಯಸ್ಥರು ಟ್ಯಾಂಕಿನ ಮುಚ್ಚಳ ತೆರೆದು, ಮೇಲೆ ಹತ್ತಿ ಒಳಗೆ ನೋಡಲು ಅವನನ್ನೇ ಕರೆದರು. ಅವನು ಹತ್ತಿ, ಖಾಲಿ ಟ್ಯಾಂಕ್ ನೋಡಿ, ಇಳಿದು, ಇಷ್ಟೇನಾ ಎಂದು ಕೇಳಿದನಂತೆ. ಆಮೇಲೆ ದಾರಿ ಬಿಡಿಸಿದವನೂ ಅವನೇ. ಇದಕ್ಕೆಲ್ಲ ಎಂಟು ನಿಮಿಷ ಹೋಯಿತು. ಕುರ್ಚಿಯಲ್ಲಿ ಕೂತು ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಮೇಲೆ ಪ್ರೊಪೆಲ್ಲರ್ ಸದ್ದು ದೂರ ಹೋಗಿ ಹತ್ತಿರ ಬರುತ್ತಿತ್ತು.

ನಿರ್ಗಮನ ಹಾಲಿನಲ್ಲಿ ಕೂತವರೆಲ್ಲ ಗಾಜಿಗೆ ಮುಖ ಒತ್ತಿ ಹೊಗೆ ನೋಡುತ್ತಿದ್ದರು. ವಿಳಂಬದ ಘೋಷಣೆ ಮಾಡಿದಾಗ ಒಬ್ಬರೂ ಕೌಂಟರಿಗೆ ಬಂದು ಜಗಳವಾಡಲಿಲ್ಲ, ನನ್ನ ಅನುಭವದಲ್ಲಿ ಅದು ಅಪರೂಪ. ಅವರಲ್ಲಿ ಅರ್ಧದಷ್ಟು ಜನಕ್ಕೆ ಅದು ಯಾರ ಗೋದಾಮು, ಪಕ್ಕದ ಮನೆ ಯಾರದು ಎಂದು ಗೊತ್ತಿತ್ತು. ಟೆಂಡರ್ ಗೇಟಿನೊಳಗೆ ಬಂದದ್ದನ್ನು ಕಂಡಾಗ ಮಾತ್ರ ಒಬ್ಬ ಮಹಿಳೆ ನನ್ನ ಬಳಿ ಬಂದು, "ಆರಿತಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಯಾಕೆ ಬಂತು?" ಎಂದರು. ವಿಮಾನ ಇಳಿಯಬೇಕಲ್ಲ ಎಂದು ಹೇಳಿದೆ. ಅವರು ತಮ್ಮ ಬೋರ್ಡಿಂಗ್ ಪಾಸನ್ನು ಒಮ್ಮೆ ನೋಡಿಕೊಂಡು ಸುಮ್ಮನೆ ಹೋಗಿ ಕೂತರು.

ಸ್ಟಾಟಿಕ್ ಟ್ಯಾಂಕಿನಿಂದ ನೀರು, ಡ್ರಮ್ಮುಗಳಿಂದ ಫೋಮ್ ತುಂಬಿ ಮುಗಿದಾಗ 5.46. ಎಟಿಆರ್ 5.53ಕ್ಕೆ ಇಳಿಯಿತು. ಮೊದಲು ಇಳಿದವರು ನಿರ್ದೇಶಕರು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ತಮ್ಮದೇ ನಿಲ್ದಾಣದ ಮೇಲೆ ಸುತ್ತು ಹಾಕುತ್ತ, ಊರಿನ ಹೊಗೆಯನ್ನೂ ರಸ್ತೆಯಲ್ಲಿ ಸಿಕ್ಕಿಕೊಂಡ ತಮ್ಮ ಟೆಂಡರನ್ನೂ ಮೇಲಿನಿಂದ ನೋಡಿದ್ದರು. "ನಮ್ಮ ಗಾಡಿ ಅಲ್ಲಿ ಯಾಕಿತ್ತು?" ಎಂದು ಕೇಳಿದರು. ಆ ಪ್ರಶ್ನೆ ಮುಂದೆ ಲಿಖಿತ ರೂಪ ಪಡೆದು, ಉಲ್ಲೇಖ ಸಂಖ್ಯೆ ಸಹಿತ ಮೇಲಿನಿಂದ ಕೆಳಕ್ಕೆ ಇಳಿದು ಬಂತು: ನಿಲ್ದಾಣದ ಸಂಪನ್ಮೂಲವನ್ನು ಗಡಿಯಾಚೆ ಬಳಸಿದ್ದು ಯಾವ ನಿಯಮದಡಿ, ಬಳಸಿದ ಫೋಮಿನ ಬೆಲೆಯನ್ನು ಯಾರಿಂದ ವಸೂಲು ಮಾಡಬೇಕು, ಮೋರಿ ಕುಸಿದಿದ್ದರೆ ಹೊಣೆ ಯಾರು. ಕೊನೆಯ ಪ್ರಶ್ನೆ ನ್ಯಾಯವಾದದ್ದೇ. ಮೊದಲೆರಡಕ್ಕೆ ಉತ್ತರ ಬರೆಯುವಾಗ ಬಹಳ ಸಂಯಮ ಬೇಕಾಯಿತು.

ಇನ್ನು ಬೆಂಕಿಯ ಕಥೆ. ನನ್ನ ಮಾತಿಗೆ ಮರುಮಾತಾಡದೆ ಹೆಲ್ಮೆಟ್ ಹಾಕಿಕೊಂಡ ಮುಖ್ಯಸ್ಥರು ಹೊರಡುವಾಗ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡಿದ್ದರು. ಪೆರಿಮೀಟರ್ ಗೋಡೆ ಪಕ್ಕದ ವಸತಿಗೃಹಗಳಿಂದ, ಡ್ಯೂಟಿ ಇಲ್ಲದ ಇಬ್ಬರು ಹೊಗೆ ಕಂಡು ಓಡಿ ಬಂದಿದ್ದರು. ಅವರಿಗೆ ಬಿಎ ಸೆಟ್ ಕೊಟ್ಟು ಟೆಂಡರಿನ ಹಿಂದೆ ಹತ್ತಿಸಿಕೊಂಡಿದ್ದರು, ವಾಪಸ್ ಬರುವಾಗ ಅವರನ್ನು ಅಲ್ಲೇ ಬಿಟ್ಟು ಬಂದರು. ಶಿಫ್ಟಿನ ಸಂಖ್ಯೆಗೆ ಅವರು ಸೇರಿರಲಿಲ್ಲವಾದ್ದರಿಂದ ಕ್ಯಾಟಗರಿಗೂ ಧಕ್ಕೆಯಾಗಲಿಲ್ಲ. ಈ ಇಬ್ಬರು ಮೊದಲು ನೋಡಿದ್ದು ವೆಲ್ಡಿಂಗ್ ಶೆಡ್ಡನ್ನು. ಅಲ್ಲಿ ಅಸಿಟಿಲೀನ್ ಸಿಲಿಂಡರ್ ಬಿಸಿಯಾಗುತ್ತಿತ್ತು, ಊರಿನ ನಾಲ್ಕು ಜನ ಅದನ್ನು ಹೊರಗೆ ಎಳೆಯಲು ಹಗ್ಗ ಹಾಕಿದ್ದರು. ಕಾದ ಅಸಿಟಿಲೀನ್ ಸಿಲಿಂಡರನ್ನು ಅಲುಗಿಸಬಾರದು. ಒಳಗೆ ಅನಿಲ ವಿಭಜನೆಯಾಗತೊಡಗಿದ್ದರೆ ಬೆಂಕಿಯಿಂದ ದೂರ ಒಯ್ದ ಮೇಲೂ ಸಿಡಿಯಬಹುದು. ದೂರದಿಂದ ನೀರು ಬಿಟ್ಟು ತಂಪು ಮಾಡುತ್ತಲೇ ಇರಬೇಕು. ಈ ಇಬ್ಬರು ಹಗ್ಗ ಬಿಡಿಸಿ, ಜನರನ್ನು ಬೈದು ಅಟ್ಟಿ, ಮನೆಗಳ ಸಾಲನ್ನೇ ಖಾಲಿ ಮಾಡಿಸಿದರು. ಪುರಸಭೆಯ ವಾಹನ ಬಂದಾಗ ಮೊದಲ ಹೋಸನ್ನು ಗೋದಾಮಿಗೆ ಬಿಡದೆ ಸಿಲಿಂಡರಿಗೆ ಹಿಡಿಸಿದರು. ಗೋದಾಮು ಪೂರ್ತಿ ಸುಟ್ಟುಹೋಯಿತು. ಮನೆಗಳು ಉಳಿದವು, ಯಾರಿಗೂ ಏನೂ ಆಗಲಿಲ್ಲ.

ಅಂದರೆ ಜೀಪೇ ಸಾಕಿತ್ತು. ಜೀಪು ಬೇಗ ಮುಟ್ಟುತ್ತಿತ್ತು, ಮೋರಿ ಅಡ್ಡಬರುತ್ತಿರಲಿಲ್ಲ, ಸೆಸ್ನಾಗಾಗಿ ಕಾಯಬೇಕಿರಲಿಲ್ಲ, ಎಟಿಆರ್ ಬೇಗ ಬಂದು ಬೇಗ ಹೋಗುತ್ತಿತ್ತು. ಊರಿನವರು ಗಾಡಿ ಕೇಳಿದರು, ನಾನು ಗಾಡಿಯನ್ನೇ ಯೋಚಿಸಿದೆ. ಅವರಿಗಾದರೂ ಕೇಳಲು ಕಾರಣವಿತ್ತು: ಬೇಲಿಯಾಚೆಯಿಂದ ಅವರಿಗೆ ಕಾಣುವುದು ಆ ದೊಡ್ಡ ಟೆಂಡರ್ ಒಂದೇ. ಒಳಗಿದ್ದ ನನಗೆ ಕಾಣಬೇಕಿದ್ದದ್ದು ಅದರ ಪಕ್ಕ ನಿಂತವರು. ಇಂಥ ಊರಿನಲ್ಲಿ ಉಸಿರಾಟದ ಸಾಧನ ಹಾಕಿಕೊಂಡು ಹೊಗೆಯೊಳಗೆ ಹೋಗಬಲ್ಲವರು, ಸಿಲಿಂಡರಿನ ಸ್ವಭಾವ ಬಲ್ಲವರು, ಗಾಯಗೊಂಡವರನ್ನು ವಿಂಗಡಿಸಬಲ್ಲವರು ಹೀಗೆ ಒಂದೇ ಕಡೆ ಸಿದ್ಧವಾಗಿ ಸಿಗುವುದು ನಮ್ಮ ನಿಲ್ದಾಣದಲ್ಲಿ ಮಾತ್ರ. ಕೇಂದ್ರ ಕಚೇರಿಯ ಕೋಷ್ಟಕ ಅವರನ್ನು ಖರ್ಚಿನ ಸಾಲಿಗೆ ಹಾಕಿದೆ ಎಂದು ಗೊಣಗುತ್ತಿದ್ದವನು ನಾನು. ಹೊತ್ತು ಬಂದಾಗ ನಾನೂ ಅವರನ್ನು ಎಣಿಸದೆ ಲೀಟರು ಎಣಿಸಿದೆ.

ನಮ್ಮ ತುರ್ತು ಯೋಜನೆಯ ಪುಸ್ತಕವನ್ನು ಆಮೇಲೆ ಮತ್ತೆ ತೆರೆದು ನೋಡಿದೆ. ಕನಿಷ್ಠ ಎರಡು ವರ್ಷಕ್ಕೊಮ್ಮೆ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ಮಾಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ನಾವು ತಪ್ಪದೆ ಮಾಡುತ್ತೇವೆ. ಊರಿನ ಆಸ್ಪತ್ರೆಗಳ ಆಂಬುಲೆನ್ಸುಗಳು ಬರುತ್ತವೆ, ಪುರಸಭೆಯ ಅಗ್ನಿಶಾಮಕ ವಾಹನ ಬರುತ್ತದೆ, ಪೊಲೀಸರು ಬರುತ್ತಾರೆ, ಕಾಲೇಜಿನ ಹುಡುಗ ಹುಡುಗಿಯರು ಕೆಂಪು ಬಣ್ಣ ಬಳಿದುಕೊಂಡು ಹುಲ್ಲಿನ ಮೇಲೆ ನರಳುತ್ತ ಮಲಗುತ್ತಾರೆ. ಪುಸ್ತಕದ ನಕ್ಷೆಯಲ್ಲಿ ಬಾಣದ ಗುರುತುಗಳೆಲ್ಲ ಊರಿನಿಂದ ನಿಲ್ದಾಣದ ಕಡೆಗೆ. ನಿಲ್ದಾಣದಿಂದ ಊರಿನ ಕಡೆಗೆ ಒಂದೂ ಇಲ್ಲ. "ಪರಸ್ಪರ ನೆರವು ಒಪ್ಪಂದ" ಎಂಬ ಶೀರ್ಷಿಕೆಯ ಅಧ್ಯಾಯದಲ್ಲಿ ನಮಗೆ ಯಾರು ಯಾರು ನೆರವಾಗಬೇಕು ಎಂಬ ಪಟ್ಟಿ ಮಾತ್ರ ಇದೆ. ಅಷ್ಟೂ ಸಲ ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಈಗ ಕೆಲವು ಬದಲಾವಣೆಗಳಾಗಿವೆ, ಬಹುಪಾಲು ಅನುಮತಿ ಕೇಳದೆಯೇ ಆದವು. ಮುಖ್ಯಸ್ಥರು ಬೇಲಿಯಾಚೆಯ ರಸ್ತೆಗಳಲ್ಲಿ ಜೀಪಿನಲ್ಲಿ ಓಡಾಡಿ ಮೋರಿ, ತಂತಿ, ಕೊಳವೆಗಳನ್ನೆಲ್ಲ ಗುರುತಿಸಿ ಗ್ರಿಡ್ ಮ್ಯಾಪಿಗೆ ಸೇರಿಸಿದ್ದಾರೆ. ಟೆಂಡರ್ ಗೇಟು ದಾಟುವುದಿಲ್ಲ, ಜೀಪು ದಾಟುತ್ತದೆ. ಜೊತೆಗೆ ಬಿಎ ಸೆಟ್ಟುಗಳು ಮತ್ತು ಎಳೆದೊಯ್ಯುವ ಪಂಪು. ಟೆಂಡರ್ ಯಾಕೆ ಬರುವುದಿಲ್ಲ ಎಂದು ಪುರಸಭೆಯ ಸದಸ್ಯರಿಗೆ ಮೊದಲೇ ಹೇಳಿದ್ದೇವೆ, ಅಂಕಿಗಳ ಸಹಿತ. ಅಂದು ರಸ್ತೆಗೆ ಅಡ್ಡ ನಿಂತವನು ಆ ಸಭೆಗೂ ಬಂದಿದ್ದ, ಟ್ಯಾಂಕ್ ಎಷ್ಟು ಬೇಗ ಖಾಲಿಯಾಗುತ್ತದೆಂದು ನಮಗಿಂತ ಚೆನ್ನಾಗಿ ಅವನೇ ಉಳಿದವರಿಗೆ ವಿವರಿಸಿದ. ಹೊಸ ಒಪ್ಪಂದದ ಕರಡು ಮಾತ್ರ ಕಾನೂನು ವಿಭಾಗದಲ್ಲಿದೆ, ಗಡಿಯಾಚೆ ನಮ್ಮವರಿಗೆ ಪೆಟ್ಟಾದರೆ ವಿಮೆ ಯಾರದು ಎಂಬ ವಾಕ್ಯದ ಬಳಿ ನಿಂತಿದೆ. ಎರಡನೆಯ ಟೆಂಡರಿನ ಗೇರ್‌ಬಾಕ್ಸ್ ಇನ್ನೂ ಬಂದಿಲ್ಲ.

ನಾನು ಸ್ವಂತ ಹೊಣೆಯಲ್ಲಿ ಮಾಡಿದ ಕೆಲಸ ಒಂದೇ, ಊರಿನ ಕೊಳವೆಗೂ ನಮ್ಮ ಹೋಸಿಗೂ ಹೊಂದುವ ಅಡಾಪ್ಟರುಗಳನ್ನು ಸಣ್ಣ ವೆಚ್ಚದ ನಿಧಿಯಿಂದ ಕೊಂಡದ್ದು. ಲೆಕ್ಕ ಪರಿಶೋಧಕರು ಅದಕ್ಕೆ ಆಕ್ಷೇಪಣೆ ಹಾಕಿದ್ದಾರೆ: ಈ ಬಿಡಿಭಾಗ ನಿಲ್ದಾಣದ ಯಾವ ಉಪಕರಣಕ್ಕೆ ಸೇರಿದ್ದು ಎಂದು ತಿಳಿಸತಕ್ಕದ್ದು. ಯಾವುದಕ್ಕೂ ಇಲ್ಲ, ಊರಿನ ನಲ್ಲಿಗೆ ಎಂದು ಉತ್ತರ ಬರೆದು ಕಳಿಸಿದ್ದೇನೆ.